ಹದಿನೇಳನೆಯ ಹಳಿ

ಗೂಡ್ಸು ಹೋಗಲಿ, ತಡೀರಿ ಸಾರ್.
ಅರಸೀಕೆರೆಯಲ್ಲಿ ಫ್ಲಾಪಿ ಓದಿಸುವುದೆಂದರೆ
ಗೂಡ್ಸಿನ ಟೈಮು ಬಾಯಿಪಾಠ ಇರಬೇಕು;
ಮೇಜು ನಡುಗಿದರೆ ಡ್ರೈವಿನ ತಲೆಯೂ ನಡುಗುತ್ತದೆ,
ಮತ್ತೆ ಸೊನ್ನೆಯಿಂದ ಶುರು.

ಮರುಳಸಿದ್ದಪ್ಪ ಮೇಷ್ಟ್ರು ಸ್ಟೂಲಿನ ಮೇಲೆ,
ತೊಡೆಯ ಮೇಲೆ ಹಳೇ ಸೀರೆಯ ಡಬ್ಬಿ,
ಅದರೊಳಗೆ ಒಂದೇ ಒಂದು ಫ್ಲಾಪಿ,
ಕಪ್ಪು ಚೌಕ, ಅಂಗೈಗಿಂತ ಅಗಲ,
ಮೈತುಂಬ ಬಿಳಿ ಬೂಷ್ಟು.
ಕೊಬ್ಬರಿ ಮಂಡಿಯ ಮಹಡಿಯಲ್ಲಿ ಮೂವತ್ತು ವರ್ಷ ಇಟ್ಟರೆ
ಕೊಬ್ಬರಿಗೆ ಬರುವುದು ಇದಕ್ಕೂ ಬಂದಿದೆ.

ಆ ಮಹಡಿಯಲ್ಲೇ ಇತ್ತು ಟೈಪಿಂಗ್ ಇನ್‌ಸ್ಟಿಟ್ಯೂಟು,
ಹದಿನಾಲ್ಕು ಟೈಪ್‌ರೈಟರು, ಒಂದು ಕಂಪ್ಯೂಟರು.
ಕರೆಂಟು ಇದ್ದ ಸಂಜೆಗಳಲ್ಲಿ ಮೇಷ್ಟ್ರು ಕೂತು ಬರೆದ ಆಟ:
‘ಪಾಯಿಂಟ್ಸ್‌ಮನ್’.
ಈಕ್ವಲ್ ಗುರುತೇ ಹಳಿ, ಸೊನ್ನೆಗಳೇ ಬೋಗಿ.
ಹುಬ್ಬಳ್ಳಿ ಕಡೆಯಿಂದೊಂದು, ಹಾಸನದಿಂದೊಂದು,
ಬೆಂಗಳೂರಿಂದ ಯಾವಾಗಲೂ ತಡವಾಗಿ ಒಂದು.
ಹೊತ್ತಿಗೆ ಸರಿಯಾಗಿ ಕೀಲಿ ಒತ್ತದಿದ್ದರೆ
ಪರದೆ ತುಂಬ ನಕ್ಷತ್ರ.
ಅದು ಅಪಘಾತ.

ಯಾರೂ ಕದಿಯಬಾರದೆಂದು
ಫ್ಲಾಪಿಯ ಹದಿನೇಳನೆಯ ಹಳಿಗೆ ಪಿನ್ನು ಚುಚ್ಚಿದ್ದರು.
ಶುರುವಾಗುವ ಮೊದಲು ಆಟ
ಆ ಗಾಯವನ್ನು ಮುಟ್ಟಿ ನೋಡುತ್ತದೆ.
ನೋವಿದ್ದರೆ ಅಸಲು.
ನೋಯದಿದ್ದರೆ ಕಳ್ಳ ಮಾಲು:
‘ಯಾರಪ್ಪಂದು?’ ಎಂದು ಇಂಗ್ಲಿಷಕ್ಷರದಲ್ಲಿ ಕೇಳಿ
ಅಲ್ಲೇ ನಿಂತುಬಿಡುತ್ತದೆ.

ಬೆಳಗಿನಿಂದ ಸ್ಪಿರಿಟ್ಟು, ಹತ್ತಿ.
ಕವಚವನ್ನು ಬ್ಲೇಡಿನಲ್ಲಿ ಸೀಳಿ, ತೆಳು ತಟ್ಟೆ ಎಳೆದು,
ಹಸುಗೂಸಿನ ಕಿವಿ ಒರೆಸಿದಂತೆ ಒರೆಸಿ
ಬೇರೆ ಕವಚಕ್ಕೆ ತೊಡಿಸಿದೆ.
ಇಮೇಜ್ ತೆಗೆಯುವ ಸಾಫ್ಟ್‌ವೇರಿಗೆ ಫೈಲು ಗೀಲು ಬೇಡ,
ಹೆಸರು ಕೇಳುವುದಿಲ್ಲ, ಅರ್ಥ ಕೇಳುವುದಿಲ್ಲ;
ಬರೆದದ್ದು, ಅಳಿಸಿದ್ದು, ಎಂದೂ ಏನೂ ಬರೆಯದೆ ಬಿಟ್ಟದ್ದು,
ಎಲ್ಲವನ್ನೂ ಒಂದೇ ಮರ್ಯಾದೆಯಲ್ಲಿ ಎತ್ತಿಕೊಳ್ಳುತ್ತದೆ,
ಜನಗಣತಿಯವರು ಬೀಗ ಹಾಕಿದ ಮನೆಗೂ
ನಂಬರು ಬರೆದು ಹೋಗುವ ಹಾಗೆ.

ಎರಡು ಮಗ್ಗುಲು, ಮಗ್ಗುಲಿಗೆ ನಲವತ್ತು ಹಳಿ,
ಹಳಿಗೆ ಒಂಬತ್ತು ತುಂಡು.
ಓದಿದ್ದು ಹಸಿರು, ಓದಲಾಗದ್ದು ಕೆಂಪು.
ಏಳುನೂರಿಪ್ಪತ್ತರಲ್ಲಿ ಹಸಿರು ತೊಂಬತ್ತು.
‘ಹೋಗ್ಲಿ ಬಿಡವ್ವ’ ಎಂದು ಮೇಷ್ಟ್ರು
ಕಾಲಲ್ಲೇ ಚಪ್ಪಲಿ ಹುಡುಕಿದರು.

ಆಗ ನಾನು ಡ್ರಾಯರಿನಿಂದ ತೆಗೆದೆ, ಇನ್ನೊಂದನ್ನು.
ಸೋಷಿಯಲ್ ನೋಟ್ಸಿನ ರಟ್ಟಿನೊಳಗೆ ಹೊಲಿದಿಟ್ಟದ್ದು,
ಅಮ್ಮಿಯ ಕಣ್ಣಿಗೂ ಬೀಳದ್ದು.
ತೊಂಬತ್ತೆರಡನೇ ಇಸವಿ,
ಮೇಷ್ಟ್ರು ಟೀಗೆ ಕೆಳಗಿಳಿದ ಎಂಟು ನಿಮಿಷ,
ಒಂದೇ ಡ್ರೈವಿನಲ್ಲಿ ಅದಲಿ ಬದಲಿ, ಕೈಯೆಲ್ಲ ಬೆವರು.
ಎಲ್ಲ ಬಂದಿತ್ತು, ಗಾಯವೊಂದು ಬಿಟ್ಟು.
ಅಂದಿನಿಂದ ಯಾವ ಮೆಷೀನಿಗೆ ಹಾಕಿದರೂ ಅದೇ ಮಾತು:
ಯಾರಪ್ಪಂದು?

ಮೇಷ್ಟ್ರ ತಟ್ಟೆಯನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ಸಾಸಿವೆಯಷ್ಟೂ ಇಲ್ಲ, ಒಂದು ಚುಕ್ಕಿ ಬೆಳಕು.
ನನ್ನದರಿಂದ ಏಳುನೂರ ಹದಿನೆಂಟು ತುಂಡು,
ಅವರದರಿಂದ ಎರಡು,
ತೂತಿನ ಈಚೆಯದೊಂದು, ಆಚೆಯದೊಂದು.
ಇಲ್ಲಿ ಓದಲು ಬರುವುದಿಲ್ಲ, ಹಾಗೇ ಬರೆದುಕೋ,
ಸರಿ ಮಾಡಲು ಹೋಗಬೇಡ
ಎಂದು ಇಮೇಜಿಗೆ ತಾಕೀತು ಮಾಡಿದೆ.

ಮುಟ್ಟಿ ನೋಡಿತು. ತೆರೆದುಕೊಂಡಿತು.

ಮೊದಲು ಬಂದದ್ದು ಗೆದ್ದವರ ಪಟ್ಟಿ,
ತಲೆಗೆ ಮೂರೇ ಅಕ್ಷರ.
‘ಈ ಝಡ್ ಬಿ ಎನ್ ಯಾರು? ನಾಲ್ಕು ಸಾವಿರದ ಮುನ್ನೂರು!
ಬರೆದ ನಾನೇ ಎರಡು ದಾಟಿರಲಿಲ್ಲ.’
‘ಜೈಬುನ್ನಿಸಾ, ಸಾರ್. ಶನಿವಾರದ ಬ್ಯಾಚು.’
ಅಂಗಡಿಯ ಬೋರ್ಡು ನೋಡಿದರು,
ಹರಿದ ನೋಟ್ಸಿನ ರಟ್ಟು ನೋಡಿದರು.
ಏನೂ ಅನ್ನಲಿಲ್ಲ.

ಹಾಸನದ ಮೀಟರ್ ಗೇಜು ಬರುತ್ತಿತ್ತು,
ಎಂದೋ ಕಿತ್ತು ಗುಜರಿಗೆ ಹಾಕಿದ ಹಳಿಯ ಮೇಲೆ,
ಸೊನ್ನೆ ಸೊನ್ನೆ ಸೊನ್ನೆ,
ಎದುರಿಗೆ ಬೆಂಗಳೂರಿನದು.
ಮೇಷ್ಟ್ರ ಬೆರಳು ಯಾವ ಕೀಲಿಯೆಂದು ಮರೆತು
ಗಾಳಿಯಲ್ಲೇ ನಿಂತಿತ್ತು.

ಎಸ್ ಒತ್ತಿ ಸಾರ್, ಎಸ್.